ಹೆಲಿಕಾಪ್ಟರ್ ಕಾಲಿಗೆ ಮದುವೆಮನೆ ನೀರು

ಇದೇ ಎಂಬತ್ತೈದನೇ ಇಸವಿ, ಈಗ ಮುಗೀತಲ್ಲ ಆ ಎಲೆಕ್ಷನ್ ಟೈಮು. ಊರು ಪಾವಗಡ. ನನ್ ಹುದ್ದೆ ಹೆಲಿಪ್ಯಾಡ್ ಇನ್‌ಚಾರ್ಜ್. ವಯಸ್ಸು ಹದಿನೇಳು. ಓದ್ತಿದ್ದಿದ್ದು ಸೆಕೆಂಡ್ ಪಿಯುಸಿ, ಅದೂ ಮನಸ್ಸು ಬಂದಾಗ. ನನ್ನ ಈ ಕೆಲ್ಸಕ್ಕೆ ಸೇರಿಸ್ಕೊಂಡೋರು ಮಿಲ್ಲಿನ ಜಯಣ್ಣ. ಕಡ್ಲೆಕಾಯಿ ಮಿಲ್ಲು ಅವ್ರ್ದು, ಹೆಲಿಕಾಪ್ಟರಲ್ಲಿ ಭಾಷಣಕ್ಕೆ ಬರೋ ಸಾಹೇಬ್ರ ಪಾರ್ಟಿಯೂ ನಮ್ಮೂರಲ್ಲಿ ಅವ್ರ್ದೇ ಅಂದ್ಕೊಳ್ಳಿ. ಕಾಲೇಜ್ ಗೇಟಲ್ಲಿ ನಮ್ಮನ್ನೆಲ್ಲ ನಿಲ್ಲಿಸ್ಕೊಂಡು, "ಯಾರಿಗ್ಲಾ ಗಂಟಲು ದೊಡ್ದು?" ಅಂದ್ರು. ನಾನು ಒಂದು ಸಲ ಕೂಗ್ದೆ. ಬೆಟ್ಟದ ಮೇಲಿನ ಕೋಟೆಯಿಂದ ಎರಡು ಕೋತಿ ಕೆಳಗಿಳ್ದು ಬಂದ್ವು. ಕೆಲ್ಸ ಖಾಯಂ ಆಯ್ತು.

ಮಾರನೇ ದಿನ ಬ್ಯಾಡ್ಜ್ ಕೊಟ್ರು. ಅದ್ರ ಮೇಲೆ ಎರಡು ಇಡ್ಲಿ ಇಟ್ಟು ಪಕ್ಕದಲ್ಲಿ ಚಟ್ನಿ ಹಾಕ್ಬೋದು, ಅಷ್ಟು ದೊಡ್ದು. ನಮ್ಮವ್ವ ನೋಡಿ, "ಇದನ್ನ ಹಾಕ್ಕೊಂಡು ನೀರಿಗೆ ಹೋಗ್ತೀಯೋ, ಇಲ್ಲ ಇನ್ಮೇಲೆ ನೀರೇ ನಿನ್ನ ಹುಡುಕ್ಕೊಂಡು ಬತ್ತದೋ?" ಅಂದ್ಲು.

ಹೆಲಿಪ್ಯಾಡ್ ಅಂದ್ರೆ ಏನೋ ದೊಡ್ಡ ಕಟ್ಟಡ ಅಂದ್ಕೊಂಡಿದ್ದೆ. ಕಾಲೇಜ್ ಗ್ರೌಂಡಲ್ಲಿ ಕಲ್ಲು ಆಯ್ದು, ಜಾಲಿ ಮುಳ್ಳು ಕಿತ್ತು, ಸುಣ್ಣದ ಪುಡೀಲಿ ಒಂದು ದುಂಡು ಎಳ್ದು, ನಡುವೆ ಇಂಗ್ಲಿಷ್ ಎಚ್ ಅಕ್ಷರ ಬರೆದ್ರೆ ಅದೇ ಹೆಲಿಪ್ಯಾಡ್. ಎಚ್ ಬರೆದೋನು ನಾನೇ. ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ ಆಗಿ, ಮೇಲಿಂದ ನೋಡಿದ್ರೆ ಕುಂಟ್ತಾ ಇದ್ದಂಗೆ ಕಾಣ್ತಿತ್ತಂತೆ. ಇನ್ನೊಂದು ಮುಖ್ಯ ಕೆಲ್ಸ ನೆಲ ನೆನೆಸೋದು. ಹೆಲಿಕಾಪ್ಟರ್ ಇಳಿಯುವಾಗ ಅದ್ರ ರೆಕ್ಕೆ ಗಾಳಿ ನೆಲಕ್ಕೆ ಹೊಡೆದು ಧೂಳು ಏಳ್ತದೆ. ಪೈಲಟ್‌ಗೆ ಕಣ್ಣು ಕಾಣಲ್ಲ. ಕೆಳಗೆ ಹಾರ ಹಿಡ್ಕೊಂಡು ನಿಂತೋರ ಬಿಳೀ ಬಟ್ಟೆ ಕೆಂಪಾಗ್ತದೆ. ಅದಕ್ಕೆ ಇಳಿಯೋಕೆ ಮುಂಚೆ ನೆಲ ಚೆನ್ನಾಗಿ ನೆನೆದಿರ್ಬೇಕು, ಇದು ರೂಲು. ಪಾವಗಡದಲ್ಲಿ ನೆಲ ನೆನೆಸೋ ರೂಲು. ಇಲ್ಲಿ ಮಕ್ಕಳಿಗೇ ದಿನ ಬಿಟ್ಟು ದಿನ ಸ್ನಾನ.

ಆಗ ಊರಿನ ನೀರಿನ ಮೋಟ್ರು ಸುಟ್ಟು ತಿಂಗಳ ಮೇಲಾಗಿತ್ತು. ರಿಪೇರಿಗೆ ಹೋದ ಮೋಟ್ರು ಅಲ್ಲೇ ಸಂಸಾರ ಹೂಡ್ಕೊಂಡಿತ್ತು ಅಂತ ಕಾಣ್ತದೆ, ವಾಪಸ್ ಬರ್ಲೇ ಇಲ್ಲ. ಇದ್ದಿದ್ದು ಒಂದೇ ಟ್ಯಾಂಕರು. ಬಾಷಣ್ಣ ಅಂತ ಡ್ರೈವರು. ದೂರದ ತೋಟದ ಬೋರಿಂದ ತುಂಬ್ಕೊಂಡು ಬೀದಿ ಬೀದಿಗೆ ಸರದಿ ಮೇಲೆ ಬುಡ್ತಿದ್ದ.

ಮೀಟಿಂಗ್ ದಿನದ ಸರದಿ ನಮ್ಮ ಬೀದೀದು. ಅದ್ರಲ್ಲೂ ಹನುಮಕ್ಕತ್ತೇದು. ನಮ್ಮನೆ ಎದುರು ಮನೆ, ಗಂಡ ಸತ್ತೋಳು, ಹೂವು ಕಟ್ಟಿ ಮಗಳು ಲಕ್ಷ್ಮೀನ ಸಾಕಿದ್ಲು. ಮಾರನೇ ದಿನ ಬೆಳಗ್ಗೆ ಲಕ್ಷ್ಮೀಗೆ ಧಾರೆ. ಮೀಟಿಂಗ್ ದಿನ ಸಾಯಂಕಾಲವೇ ಗಂಡಿನ ಕಡೆಯೋರು ಆಂಧ್ರದ ಮಡಕಶಿರದಿಂದ ಬಸ್ಸಲ್ಲಿ ಬರೋದು, ಇವರು ಚಪ್ಪರದ ಬಾಗ್ಲಲ್ಲಿ ಎದುರುಗೊಂಡು ಕಾಲಿಗೆ ನೀರು ಕೊಟ್ಟು ಒಳಕ್ಕೆ ಕರ್ಕೊಳ್ಳೋದು. ಕಾಲಿಗೆ ನೀರು ಕೊಡ್ದೆ ಬೀಗ್ರನ್ನ ಒಳಕ್ಕೆ ಕರೆಯೋ ಪದ್ಧತಿ ನಮ್ಮಲ್ಲಿಲ್ಲ. ಕರೆದ್ರೆ ಅವರು ಬರೋದೂ ಇಲ್ಲ, ಅದೇ ಬಸ್ಸು ಹಿಡೀತಾರೆ. ಅದಕ್ಕೆ ಅತ್ತೆ ವಾರದ ಮುಂಚೇನೇ ಟ್ಯಾಂಕರ್ ಬಿಡೋ ಆಫೀಸಿಗೆ ಅಲೆದು, ಆವತ್ತು ಒಂದು ಪೂರ್ತಿ ಟ್ಯಾಂಕರ್ ನಿನಗೇ ಅಂತ ಒಪ್ಪಿಸ್ಕೊಂಡು ಬಂದಿದ್ಲು. ಡ್ರಮ್ಮು, ಹಂಡೆ, ಕೊಳಗ ಎಲ್ಲಾ ಬಾಯಿ ತೆರ್ಕೊಂಡು ಬೀದೀಲಿ ಸಾಲಾಗಿ ಕೂತಿದ್ವು.

ಬೆಳಗ್ಗೆ ನೋಡಿದ್ರೆ ಬಾಷಣ್ಣನ ಟ್ಯಾಂಕರು ಗ್ರೌಂಡಿಗೆ ಬಂತು.

"ಇದು ಹನುಮಕ್ಕತ್ತೆ ಮನೆ ನೀರಲ್ವಾ ಬಾಷಣ್ಣ?"

"ಹೌದು ಮಗಾ. ಈಗ ಹೆಲಿಕಾಪ್ಟರ್ ಮನೇದು. ಹುಕುಂ ಬಂದೈತೆ, ನಾನೇನ್ ಮಾಡ್ಲಿ."

ಜಯಣ್ಣನ ಹತ್ರ ಓಡ್ದೆ. ಅವರು ಶರ್ಟಿಗೆ ಸೆಂಟ್ ಹೊಡ್ಕೊತಾ ಇದ್ರು. "ಲೇ, ಹನ್ನೊಂದು ಗಂಟೆಗೆ ಸಾಹೇಬ್ರು ಇಳೀತಾರೆ. ಒಂದು ಸಲ ನೆನೆಸಿದ್ರೆ ಮುಗೀತು. ಆಮೇಲೆ ಟ್ಯಾಂಕರು ಆಯಮ್ಮನ ಮನೆಗೇ. ಜಯಣ್ಣ ಹೇಳ್ದ ಅಂತ ಹೋಗಿ ಹೇಳು."

ಹೋಗಿ ಹೇಳ್ದೆ. ಬ್ಯಾಡ್ಜ್ ಮುಂದೆ ಮಾಡ್ಕೊಂಡೇ ಹೇಳ್ದೆ. ಅತ್ತೆ, "ನೀನು ಅಲ್ಲೇ ಇರ್ತೀಯಲ್ಲಪ್ಪ, ಇನ್ನೇನು ಭಯ," ಅಂದು ಮಲ್ಲಿಗೆ ಬಿಡಿಸೋಕೆ ಕೂತ್ಲು.

ಸಾಹೇಬ್ರು ಅವತ್ತು ಕೊರಟಗೆರೆ, ಮಧುಗಿರಿ, ಶಿರಾ ಮುಗಿಸ್ಕೊಂಡು ನಮ್ಮೂರಿಗೆ ಬರೋದು. ಮೊದಲನೇ ಲೋಡು ನಾನೇ ಪೈಪ್ ಹಿಡಿದು ಸುರಿದೆ. ನೆಲ ನೀರು ಕುಡಿಯೋ ಸದ್ದು ಕೇಳಿಸ್ತಿತ್ತು, ಹೊಟ್ಟೆಗಿಲ್ದ ಎಮ್ಮೆ ಕಲಗಚ್ಚು ಕುಡ್ದಂಗೆ. ಹನ್ನೊಂದಾಯ್ತು, ಹೆಲಿಕಾಪ್ಟರ್ ಇಲ್ಲ. ಪೊಲೀಸರ ವೈರ್‌ಲೆಸ್ಸಲ್ಲಿ, ಸಾಹೇಬ್ರು ಇನ್ನೂ ಕೊರಟಗೆರೇಲಿ ಅಂತ ಬಂತು. ನಮ್ಮ ಬಿಸ್ಲು ಅರ್ಧ ಗಂಟೇಲಿ ನೆಲಾನ ಹಪ್ಪಳ ಮಾಡ್ಬುಡ್ತು. ಜಯಣ್ಣ ಬಂದು ಕಾಲಲ್ಲಿ ಕೆರೆದು ನೋಡಿ, "ಇನ್ನೊಂದು ಲೋಡ್ ತರಿಸು," ಅಂದ್ರು.

"ಅಣ್ಣ, ಮದ್ವೆ ಮನೆ..."

"ಮದ್ವೆ ಊರಲ್ಲಿ ದಿನಾ ಆಗ್ತದೆ ಕಣ್ಲಾ. ಹೆಲಿಕಾಪ್ಟರ್ ದಿನಾ ಬತ್ತದಾ?"

ಎರಡನೇ ಲೋಡ್ ಬರೋ ಹೊತ್ಗೆ ಹೆಲಿಪ್ಯಾಡ್ ಸುತ್ತ ಕಟ್ಟಿದ್ದ ಹಗ್ಗದ ಆಚೆ ಹೆಂಗಸ್ರು ಕೊಡ ಹಿಡ್ಕೊಂಡು ನಿಂತಿದ್ರು. ಟ್ಯಾಂಕರ್ ಹೋದ ಕಡೆ ಕೊಡ ಹೋಗೋದು ನಮ್ಮೂರಿನ ಅಭ್ಯಾಸ. ಪೈಪಿನ ಜಾಯಿಂಟಲ್ಲಿ ತೊಟ್ಟಿಕ್ತಾ ಇದ್ದ ನೀರಿಗೆ ಒಬ್ಬಳು ಹುಡುಗಿ ಚೆಂಬು ಹಿಡಿದ್ಲು. ಜಯಣ್ಣ ಆ ಚೆಂಬು ಕಿತ್ಕೊಂಡು ಒಳಗಿದ್ದ ಒಂದು ಗುಟುಕು ನೀರನ್ನೂ ಎಚ್ ಮೇಲೆ ಚೆಲ್ಲಿ, ಖಾಲಿ ಚೆಂಬು ವಾಪಸ್ ಕೊಟ್ರು. ಇಲ್ಲೀವರೆಗೂ ನಾನು ಸುಮಾರು ಉಪ್ಪು ಖಾರ ಹಚ್ಚಿ ಹೇಳಿದ್ದೀನಿ, ಇದಕ್ಕೆ ಹಚ್ಚಿಲ್ಲ. ಇದು ಹಿಂಗೇ ನಡೀತು. ನಾನು ಪಕ್ಕದಲ್ಲೇ ನಿಂತಿದ್ದೆ.

ಮಧ್ಯಾಹ್ನ ಎರಡಕ್ಕೆ ಹನುಮಕ್ಕತ್ತೆ ತಾನೇ ಬಂದ್ಲು. ಕೈಲಿ ಅರಿಶಿನ ಹಂಗೇ ಇತ್ತು. ಹಗ್ಗ ಹಿಡ್ಕೊಂಡು ನಿಂತು ಮೆತ್ತಗೆ ಕೇಳಿದ್ಲು.

"ಜಯಣ್ಣ, ಅಡುಗೆಗೆ ನೀರು ಅಲ್ಲಿ ಇಲ್ಲಿ ಬೇಡ್ಕೊಂಡು ತಂದೆ. ಬೀಗ್ರು ಬಸ್ಸಿಳಿಯೋ ಹೊತ್ಗೆ ಕಾಲಿಗೆ ನೀರಿರ್ಬೇಕು. ಅಷ್ಟು ಕೊಡಿಸಪ್ಪ."

"ಇದು ದೇಶದ ಕೆಲ್ಸ ಕಣಮ್ಮ. ಒಂದು ದಿನ ತಡ್ಕೊಳ್ಳಕ್ಕಾಗಲ್ವಾ ನಿಮಗೆ?"

"ತಡ್ಕೊಳ್ಳೋದು ನಾನಲ್ಲಪ್ಪ, ಬೀಗ್ರು."

"ಹಂಗಾದ್ರೆ ಬೀಗ್ರಿಗೆ ಹೇಳಿ, ಸಾಹೇಬ್ರು ಬಂದವ್ರೆ ಅಂತ. ಅವರೂ ಬಂದು ಭಾಷಣ ಕೇಳ್ಲಿ. ನೀರಿನ ವಿಷ್ಯವೇ ಮಾತಾಡೋದು."

ಅದು ನಿಜ. ಸ್ಟೇಜಿನ ಹಿಂದೆ 'ಮನೆಮನೆಗೂ ಕುಡಿಯುವ ನೀರು' ಅನ್ನೋ ಬಟ್ಟೆ ಕಟ್ಟಿದ್ರು. ಅತ್ತೆ ನನ್ನ ಕಡೆ ಒಂದು ಸಲ ನೋಡಿ ಹೊರಟೋದ್ಲು, ಬೈಲಿಲ್ಲ. ಬೈದಿದ್ರೆ ನಾನೊಂದು ಜೋಕ್ ಹೇಳಿ ಕೈ ತೊಳ್ಕೊತಿದ್ದೆ.

ನಾಲ್ಕು ಗಂಟೆಗೆ ಮೂರನೇ ಲೋಡು ಬಂತು. ಅದೇ ಟೈಮಿಗೆ ವೈರ್‌ಲೆಸ್ಸಲ್ಲಿ, ಹೆಲಿಕಾಪ್ಟರ್ ಶಿರಾ ಬಿಟ್ಟಿದೆ ಅಂತ ಸುದ್ದಿ. ಜಯಣ್ಣ ಹಾರ ತರೋಕೆ ಸ್ಟೇಜ್ ಕಡೆ ಓಡ್ತಾ, "ಸುರಿಯೋ ಬೇಗ," ಅಂತ ಕೂಗಿ ಹೋದ್ರು. ಗ್ರೌಂಡಲ್ಲಿ ಉಳ್ಕೊಂಡಿದ್ದು ನಾನು, ಬಾಷಣ್ಣ, ಒಂದು ಪೂರ್ತಿ ಟ್ಯಾಂಕರು.

"ಬಾಷಣ್ಣ, ಗಾಡಿ ತಿರುಗಿಸು. ಹನುಮಕ್ಕತ್ತೆ ಬೀದಿಗೆ."

"ಜಯಣ್ಣ ಹೇಳಿದ್ರಾ?"

"ಬ್ಯಾಡ್ಜ್ ನೋಡು. ನಾನು ಇನ್‌ಚಾರ್ಜು."

ಬಾಷಣ್ಣ ಬೀಡಿ ಬಾಯಲ್ಲಿಟ್ಕೊಂಡೇ ಬ್ಯಾಡ್ಜ್ ನೋಡ್ದ, ನನ್ನ ಮುಖ ನೋಡ್ದ. ಅವನಿಗೆ ಪೂರ್ತಿ ಗೊತ್ತಾಯ್ತು. "ಇಷ್ಟು ದೊಡ್ಡ ಬ್ಯಾಡ್ಜು ಸುಳ್ಳು ಹೇಳಲ್ಲ ಬುಡು," ಅಂದು ಗೇರ್ ಹಾಕ್ದ.

ಹೆಲಿಕಾಪ್ಟರ್ ಬಂತು. ಮೊದ್ಲು ಒಂದು ಸುತ್ತು ಹಾಕ್ತು, ಕುಂಟ್ತಾ ಇರೋ ಎಚ್ ಹುಡುಕ್ತಿತ್ತೋ ಏನೋ. ಆಮೇಲೆ ಇಳೀತು ನೋಡಿ. ಪಾವಗಡದ ನೆಲ ಎದ್ದು ನಿಂತ್ಕೊಂತು. ಬೆಟ್ಟ ಕಾಣಲ್ಲ, ಕಾಲೇಜ್ ಕಾಣಲ್ಲ, ಪಕ್ಕದೋನ ಮೂಗು ಕಾಣಲ್ಲ. ಬ್ಯಾಂಡ್ ಬಾರಿಸ್ತಾ ಇದ್ದೋನ ತುತ್ತೂರಿಯೊಳಗೆ ಒಂದು ಪಾವು ಮಣ್ಣು ಸೇರ್ಕೊಂಡು ಸದ್ದು ನಿಂತೋಯ್ತು. ಧೂಳು ಇಳಿದ ಮೇಲೆ ನೋಡಿದ್ರೆ ಜಯಣ್ಣ ಆಗ ತಾನೇ ಕಿತ್ತ ಕಡ್ಲೆಕಾಯಿ ಥರ ನಿಂತವ್ರೆ, ಬೇರು ಒಂದು ಕಮ್ಮಿ. ಹಾರ ಕೆಂಪು, ಟೋಪಿ ಕೆಂಪು. ಸಾಹೇಬ್ರು ಕೆಮ್ಮುತ್ತಾ ಇಳಿದು, "ನೀರು ಹಾಕಿಲ್ವೇನ್ರೀ ಇಲ್ಲಿ?" ಅಂದ್ರು. ಮನೆಮನೆಗೂ ನೀರು ಕೊಡೋಕೆ ಬಂದೋರ ಬಾಯಿಂದ ಪಾವಗಡದಲ್ಲಿ ಬಂದ ಮೊದಲನೇ ಮಾತು ಅದು.

ಸಾಹೇಬ್ರನ್ನ ಜೀಪಿಗೆ ಹತ್ತಿಸಿ ಜಯಣ್ಣ ನನ್ನ ಹತ್ರ ಬಂದ್ರು. "ಟ್ಯಾಂಕರ್ ಎಲ್ಲೋಯ್ತು?" ನಾನು ಬಾಯಿ ತೆಗೆಯೋ ಮೊದ್ಲು ಒಂದು ಬಿಟ್ರು. ಕೆನ್ನೆ ಮೇಲೆ ಬೆರಳಿನ ಜೊತೆ ಉಂಗುರವೂ ಮೂಡ್ತು. ಬ್ಯಾಡ್ಜ್ ಎಳ್ಕೊಂಡ್ರು, ಜೊತೆಗೆ ಶರ್ಟಿನ ಜೇಬೂ ಹೋಯ್ತು. ಆಮೇಲೆ ಇನ್ನೊಂದು ಜೀಪ್ ಹತ್ಕೊಂಡು, "ಭಾಷಣ ಮುಗಿಯೋದ್ರೊಳಗೆ ಆ ನೀರು ಇಲ್ಲಿರ್ಬೇಕು," ಅಂತ ಇಬ್ರು ಕಾನ್‌ಸ್ಟೇಬಲ್ಲುಗಳನ್ನ ಕೂರಿಸ್ಕೊಂಡ್ರು. ಯಾಕಂದ್ರೆ ಹೆಲಿಕಾಪ್ಟರ್ ಏಳುವಾಗಲೂ ಧೂಳು ಏಳ್ತದೆ. ಹೋಗೋಕೂ ನೀರು ಬೇಕು.

ನಾನು ಸಂದಿಗೊಂದಿ ನುಗ್ಗಿ ಓಡ್ದೆ. ಬೀದೀಲಿ ನೋಡಿದ್ರೆ ಬಸ್ಸಿಳಿದ ಬೀಗ್ರು ಆಗಲೇ ಚಪ್ಪರದ ಮುಂದೆ ನಿಂತವ್ರೆ. ಅವರ ಹಿಂದೆಯೇ ಬಾಷಣ್ಣನ ಟ್ಯಾಂಕರು. ಬೀದಿ ಎಷ್ಟು ಕಿರಿದು ಅಂದ್ರೆ ಎದುರಿಂದ ಒಂದು ಎಮ್ಮೆ ಬಂದ್ರೆ ನಾವು ಯಾರ್ದಾದ್ರೂ ಮನೆ ಒಳಕ್ಕೆ ಹೋಗ್ಬೇಕು. ಹೆಂಗಸ್ರು ಹಿಂದಿನ ನಲ್ಲಿಗೆ ಕೊಡ ಹಿಡಿಯೋಕೆ ಶುರು ಮಾಡಿದ್ರು, ಟ್ಯಾಂಕಲ್ಲಿ ಮುಕ್ಕಾಲು ನೀರು ಇನ್ನೂ ಇತ್ತು. ಅಷ್ಟರಲ್ಲಿ ಬೀದಿ ಆ ತುದಿಗೆ ಜೀಪ್ ಬಂದು ನಿಂತು, ಕೆಂಪು ಜಯಣ್ಣ ಇಳಿದ್ರು.

"ನಲ್ಲಿ ನಿಲ್ಸಿ. ಬಾಷಾ, ಮುಂದಕ್ಕೆ ಬಿಡು ಗಾಡಿ. ಸರ್ಕಾರಿ ನೀರಿದು."

ಕೊಡಗಳು ನಿಂತ್ವು. ಹನುಮಕ್ಕತ್ತೆ ಕೈಲಿ ಚೆಂಬು ಹಿಡ್ಕೊಂಡು ಹಂಗೇ ನಿಂತ್ಲು. ಗಂಡಿನ ಅಪ್ಪ ನರಸಪ್ಪ ಅಂತ, ಭಾರೀ ಆಳು, ತೆಲುಗು ಮಾತು. ಒಂದು ಕಾಲಿನ ಮೆಟ್ಟು ಆಗಲೇ ಬಿಟ್ಟಿದ್ರು. "ಏಮೈಂದಿ?" ಅಂದ್ರು. ಏನಾಯ್ತು ಅಂತ. ನಾನು ಮುಂದೆ ನುಗ್ಗಿ ಎಲ್ಲಾ ಹೇಳ್ಬುಟ್ಟೆ: ಇದು ಮದ್ವೆಗೆ ಅಂತ ಕೊಟ್ಟ ನೀರು, ಬೆಳಗ್ಗಿಂದ ಹೆಲಿಕಾಪ್ಟರಿಗೆ ಸುರಿದ್ರು, ಈಗ ಉಳಿದಿದ್ದನ್ನೂ ಅದಕ್ಕೇ ತಗೊಂಡೋಗೋಕೆ ಬಂದವ್ರೆ.

ನರಸಪ್ಪ ಜಯಣ್ಣನ್ನ ಮೇಲಿಂದ ಕೆಳಕ್ಕೆ ನೋಡಿ, "ದಾನಿಕಿ ಕಾಳ್ಳುಂಟಾಯಾ?" ಅಂತ ಕೇಳಿದ್ರು. ಅದಕ್ಕೆ ಕಾಲಿರ್ತವಾ ಅಂತ.

ಇಡೀ ಬೀದಿ ನಕ್ತು, ಜಯಣ್ಣ ಒಬ್ರು ಬಿಟ್ಟು.

"ಅಮ್ಮಾ," ಅಂದ್ರು ನರಸಪ್ಪ ಅತ್ತೆ ಕಡೆ ತಿರುಗಿ, "ಮಾ ವಾಳ್ಳಂದರಿಕೀ ಕಾಳ್ಳು ಕಡಗಾಲಿ." ನಮ್ಮೋರು ಎಲ್ರಿಗೂ ಕಾಲು ತೊಳೀಬೇಕು. ಸಾಮಾನ್ಯವಾಗಿ ಮದುಮಗ, ಅವನ ಅಪ್ಪ ಅಮ್ಮ, ಒಂದಿಬ್ರು ಹಿರಿಯರಿಗೆ ತೊಳೀತಾರೆ. ಮಿಕ್ಕೋರು ತಾವೇ ಚೆಂಬು ತಗೊಂಡು ಸುರ್ಕೊತಾರೆ. ಇವತ್ತು ಎಲ್ರಿಗೂ ಅಂತೆ. ಅವರ ಕಡೆ ಬಂದಿದ್ದೋರು ಒಂದು ಬಸ್ಸು ತುಂಬಾ.

ಅತ್ತೆಗೆ ಅರ್ಥವಾಯ್ತು. ತಟ್ಟೆ ಇಟ್ಟು, ನರಸಪ್ಪನ ಬಲಗಾಲಿಗೆ ಒಂದು ಹನಿ, ಎಡಗಾಲಿಗೆ ಒಂದು ಹನಿ, ಒರೆಸೋದು, ಅರಿಶಿನ ಹಚ್ಚೋದು. ಅಷ್ಟು ನಿಧಾನಕ್ಕೆ ಕಾಲು ತೊಳೆದಿದ್ದನ್ನ ನಾನು ನೋಡೇ ಇಲ್ಲ. ಒಂದು ಚೆಂಬಲ್ಲಿ ಎಂಟು ಜನ ಆದ್ರು. ವಾಲಗದೋರು ಶುರು ಹಚ್ಕೊಂಡ್ರು. ಬೀಗ್ರ ಕಾಲು ತೊಳಿಯುವಾಗ ಮಧ್ಯೆ ಯಾರೂ ದಾಟಂಗಿಲ್ಲ, ನಿಲ್ಸಿ ಅನ್ನಂಗೂ ಇಲ್ಲ. ಟ್ಯಾಂಕರ್ ಮುಂದೆ ಬೀಗ್ರು, ಹಿಂದೆ ಕೊಡದ ಸಾಲು, ಗಾಡಿ ಅಲ್ಲಾಡಂಗಿಲ್ಲ. ಒಬ್ಬ ಕಾನ್‌ಸ್ಟೇಬಲ್ ಟೋಪಿ ತೆಗೆದು ಕಂಕುಳಲ್ಲಿಟ್ಕೊಂಡ. ಜಯಣ್ಣಂಗೂ ಇಬ್ರು ಹೆಣ್ಮಕ್ಕಳು, ಇದೇ ಊರೋರು. ವಾಚ್ ನೋಡ್ಕೊಂತಾ ನಿಂತ್ರು.

ಮುಂದೆ ಕಾಲು ತೊಳೀತಿದ್ರೆ ಹಿಂದೆ, ಜಯಣ್ಣಂಗೆ ಕಾಣ್ದಂಗೆ, ನಲ್ಲಿ ಮತ್ತೆ ಸುರೀತಿತ್ತು. ನಾನು ಟ್ಯಾಂಕರ್ ಹಿಂದೆ ಕೂತು ಕೊಡ ಬದ್ಲಾಯಿಸ್ತಾ ಇದ್ದೆ. ಡ್ರಮ್ಮು, ಹಂಡೆ, ಕೊಳಗ, ದೋಸೆ ಹಿಟ್ಟಿನ ಪಾತ್ರೆ, ಯಾರ್ದೋ ಮಗುವಿನ ಟಬ್ಬು. ಗ್ರೌಂಡಲ್ಲಿ ಚೆಂಬು ಕಿತ್ಕೊಂಡಿದ್ರಲ್ಲ, ಆ ಹುಡುಗಿಗೆ ಎರಡು ಕೊಡ. ಕೊನೇ ಬೀಗ್ರ ಕಾಲಿಗೆ ಅರಿಶಿನ ಆಗಿ, ಎಲ್ಲಾ ಒಳಕ್ಕೆ ಹೋಗಿ ಬೀದಿ ತೆರವಾದಾಗ ಬಾಷಣ್ಣ ಟ್ಯಾಂಕಿಗೆ ಕೈಲಿ ಎರಡು ತಟ್ಟಿದ. ತಮಟೆ ಥರ ಸದ್ದು ಬಂತು.

"ಖಾಲಿ ಜಯಣ್ಣ. ಗಾಡಿ ತರ್ಲಾ?"

ಹೆಲಿಕಾಪ್ಟರ್ ಮತ್ತೆ ಎಲ್ರನ್ನೂ ಕೆಂಪು ಮಾಡಿ ಎದ್ದೋಯ್ತು. ಮಾರನೇ ದಿನ ಲಕ್ಷ್ಮೀ ಮದ್ವೆ ಆಯ್ತು. ಅಲ್ಲಿಗೆ ಮುಗೀತು ಅಂದ್ಕೊಂಡು ನಾನು ಕಾಲೇಜಲ್ಲಿ ಕೆನ್ನೆ ತೋರಿಸ್ಕೊಂಡು ತಿರುಗಾಡಿದೆ. ಮುಗೀಲಿಲ್ಲ. ನಮ್ಮ ಬೀದಿ ಸರದಿ ಬಂದಾಗ ಟ್ಯಾಂಕರ್ ಬರ್ಲಿಲ್ಲ. ಅದರ ಮುಂದಿನ ಸರದಿಗೂ ಬರ್ಲಿಲ್ಲ. ಬಾಷಣ್ಣನ್ನ ಆ ಗಾಡಿಯಿಂದ ಇಳಿಸಿ ಬೇರೆಯೋನ್ನ ಹತ್ತಿಸಿದ್ರು. ಇವತ್ತಿಗೂ ನಮ್ಮವ್ವ ಬೆಳಗಿನ ಜಾವ ಎದ್ದು ಪಕ್ಕದೂರಿನ ಬಾವಿಗೆ ಹೋಗ್ತಾಳೆ. ಹನುಮಕ್ಕತ್ತೆ ಹೂವಿಗೆ ಚಿಮುಕಿಸೋ ನೀರನ್ನೂ ಅಲ್ಲಿಂದಲೇ ಹೊರ್ತಾಳೆ. ಅವತ್ತು ಎರಡು ಲೋಡ್ ನೀರು ಕುಡಿದ ನೆಲದಲ್ಲಿ ಒಂದು ಹುಲ್ಲು ಕೂಡ ಹುಟ್ಟಿಲ್ಲ, ಹೋಗಿ ನೋಡಿ ಬಂದಿದ್ದೀನಿ.

ಜಯಣ್ಣ ಮೊನ್ನೆ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿ, "ಏನ್ಲಾ ಇನ್‌ಚಾರ್ಜು, ಬುದ್ಧಿ ಬಂತಾ?" ಅಂದ್ರು. ಬಂತು. ಓಟು ಹಾಕೋಕೆ ಇಪ್ಪತ್ತೊಂದು ವರ್ಷ ಆಗ್ಬೇಕಂತೆ, ನಂಗೆ ಇನ್ನೂ ನಾಲ್ಕು ವರ್ಷ ಐತೆ. ಈ ಸಿಟ್ಟನ್ನ ಅಲ್ಲೀವರೆಗೂ ಬೂಷ್ಟು ಹಿಡೀದಂಗೆ ಇಟ್ಕೋಬೇಕು. ಆ ಹುದ್ದೆ ನಂಗೆ ಕಲಿಸಿದ್ದು ಅದೊಂದೇ, ಅದಕ್ಕೇ ಸಿಕ್ಕಿದೋರಿಗೆಲ್ಲ ಇದನ್ನ ಹೇಳ್ಕೊಂಡು ತಿರುಗ್ತಿದ್ದೀನಿ.