ಹುಳಿ ನೀರಿಗೆ ಒಂದು ಹಿಡಿ ಸುಣ್ಣ

ಆ ಮಳೆಗಾಲ ಮುಗಿದ ಮೇಲೆ ನನ್ನ ದಿನ ಶುರುವಾಗುತ್ತಿದ್ದದ್ದೇ ಎರಡು ಭಯಗಳಿಂದ. ಒಂದು ಫೋನಿನಲ್ಲಿ ಬರುತ್ತಿತ್ತು. ಆನೆಗಳು ಯಾವ ಎಸ್ಟೇಟಿನಲ್ಲಿ ನಿಂತಿವೆ ಎಂದು ಊರಿನ ಗ್ರೂಪಿಗೆ ಯಾರಾದರೂ ಹಾಕುತ್ತಿದ್ದರು. ಇನ್ನೊಂದು ಗಾಜಿನ ಸಣ್ಣ ಕೊಳವೆಯಲ್ಲಿ ಬರುತ್ತಿತ್ತು. ಮೀನಿನ ತೊಟ್ಟಿಯ ನೀರನ್ನು ಅದಕ್ಕೆ ತುಂಬಿ, ಬಾಟಲಿಯ ಔಷಧಿಯನ್ನು ಹನಿ ಹನಿಯಾಗಿ ಬಿಟ್ಟು, ಅಲ್ಲಾಡಿಸಿ ಕಾಯಬೇಕು. ಹಳದಿಯಾಗಿಯೇ ಉಳಿದರೆ ಕ್ಷೇಮ. ಹಸಿರಿಗೆ ತಿರುಗಿದರೆ ಅಮೋನಿಯಾ, ಅಂದರೆ ಮೀನುಗಳ ಹೊಲಸಿನಿಂದ ಏಳುವ ವಿಷ. ನಮ್ಮ ಕೊಳವೆ ದಿನದಿಂದ ದಿನಕ್ಕೆ ಹಸಿರೇರುತ್ತಿತ್ತು.

ಮೀನು ಸಾಕುವ ಶೋಕಿ ನನ್ನದಲ್ಲ. ಮೀನು ಎಂದರೆ ನನಗೆ ಹುಣಸೆಹುಳಿ ಹಾಕಿ ಸಾರು ಮಾಡುವ ಪದಾರ್ಥ. ತೊಟ್ಟಿ ತಂದದ್ದು ನನ್ನ ಗಂಡನಿಗಾಗಿ.

ಬಾಳೂರಿನ ಕಡೆ ನಮ್ಮದೊಂದು ಚಿಕ್ಕ ಕಾಫಿ ತೋಟ. ಒಂದು ಬೆಳಗ್ಗೆ ಇವರು ಒರತೆಯ ಪೈಪು ನೋಡಿ ಬರುತ್ತೇನೆಂದು ಹೋಗಿದ್ದರು. ಮುಂದೆ ಓಡಿದ್ದ ನಮ್ಮ ನಾಯಿ ಬೊಗಳುತ್ತಾ ವಾಪಸು ಇವರ ಕಾಲ ಬುಡಕ್ಕೇ ಓಡಿ ಬಂತು. ಅದರ ಹಿಂದೆಯೇ ಆನೆ. ಮಳೆನೀರು ಇಂಗಲೆಂದು ಗಿಡಗಳ ಸಾಲಿನ ನಡುವೆ ತೊಟ್ಟಿಲು ಗುಂಡಿ ತೋಡಿರುತ್ತೇವಲ್ಲ, ಅಂಥದೊಂದರಲ್ಲಿ ಇವರು ಬಿದ್ದರು. ಆನೆ ಪಕ್ಕದಲ್ಲೇ ನಿಂತು, ಉಸಿರು ಬಿಟ್ಟು, ಹೋಯಿತು. ಮೈಗೆ ತರಚಿದ ಗಾಯವೂ ಇಲ್ಲ. ಆದರೆ ಅವತ್ತಿನಿಂದ ಕಾಫಿ ಒಣಗಿಸುವ ಕಣದ ಅಂಚು ದಾಟಿ ಅವರು ಒಂದು ಹೆಜ್ಜೆ ಇಡಲಿಲ್ಲ. ಊರಿಗೆಲ್ಲ ಮಾತಿನ ಮಲ್ಲ ಎನಿಸಿಕೊಂಡಿದ್ದವರು ತುಟಿ ಪಿಟಕ್ಕೆನ್ನದೆ ಕುರ್ಚಿ ಹಿಡಿದರು. ನಾಯಿ ಬೊಗಳಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಅದನ್ನು ನನ್ನ ತವರಿಗೆ ಕಳಿಸಿಬಿಟ್ಟೆ.

ಚಿಕ್ಕಮಗಳೂರಿನ ಡಾಕ್ಟರು ಮಾತ್ರೆ ಬರೆದುಕೊಟ್ಟು, “ಒಮ್ಮೆಲೇ ತೋಟಕ್ಕೆ ಎಳ್ಕೊಂಡು ಹೋಗ್ಬೇಡಿ. ಮನೆ ಒಳಗೇ ನೋಡ್ಕೊಳ್ಳೋಕೆ ಏನಾದ್ರೂ ಒಂದು ಜೀವ ಇರ್ಲಿ” ಎಂದರು. ಮೀನು ಬೊಗಳುವುದಿಲ್ಲ ಎಂದು ನನಗೆ ಹೊಳೆದದ್ದು ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯ ಮುಂದೆ. ಅಂಗಡಿಯವರು ನೀರು ಹದವಾಗಲಿ, ಮೀನು ಆಮೇಲೆ ಒಯ್ಯಿರಿ ಎಂದರು. ಕಾಯುವ ತಾಳ್ಮೆ ನನಗೆಲ್ಲಿ? ಹಾಗಾದರೆ ದಿನಾ ನೀರನ್ನು ಪರೀಕ್ಷೆ ಮಾಡಿ ಎಂದು ಆ ಕೊಳವೆಗಳ ಡಬ್ಬಿಯನ್ನೂ ಕೈಗಿತ್ತರು. ಮನೆಯ ಟ್ಯಾಂಕಿಗೆ ನಾವು ಬ್ಲೀಚಿಂಗ್ ಪೌಡರ್ ಹಾಕುವುದರಿಂದ ತೊಟ್ಟಿಗೆ ಒರತೆಯ ನೀರನ್ನೇ ಆಳುಗಳಿಂದ ಹೊರಿಸಿದೆ.

ಇವರು ಕುರ್ಚಿಯನ್ನು ತೊಟ್ಟಿಯ ಎದುರಿಗೆ ಎಳೆದುಕೊಂಡರು. ಕೆಲವು ದಿನ ಸುಮ್ಮನೆ ನೋಡಿದರು. ಒಂದು ಮಧ್ಯಾಹ್ನ, ಯಾರೂ ಕೇಳದೆ, “ಆ ಕೆಂಪಿದು ಭಾರೀ ಹೊಟ್ಟೆಬಾಕ ಮಾರಾಯ್ತಿ” ಎಂದರು. ನಾನು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತೆ.

ಅದಕ್ಕೇ ಆ ಹಸಿರು ನನ್ನ ಜೀವ ಹಿಂಡುತ್ತಿತ್ತು. ಈ ಮೀನುಗಳು ಸತ್ತರೆ ಇವರು ಮತ್ತೆ ಆ ಗುಂಡಿಗೇ ಬೀಳುತ್ತಾರೆ, ಇನ್ನೊಮ್ಮೆ ಎತ್ತಲು ನನ್ನಿಂದಾಗದು ಎಂದು ಗೊತ್ತಿತ್ತು. ಇವರು ಸ್ನಾನಕ್ಕೆ ಹೋದಾಗ ಕದ್ದು ಪರೀಕ್ಷೆ ಮಾಡುತ್ತಿದ್ದೆ. ನೈಟ್ರೈಟ್, ನೈಟ್ರೇಟ್ ಎರಡೂ ಸೊನ್ನೆ. ಸದ್ಯ, ಅವೆರಡು ವಿಷವಾದರೂ ಇಲ್ಲವಲ್ಲ ಎಂದು ಉಸಿರು ಬಿಡುತ್ತಿದ್ದೆ. ಪಿಎಚ್ ಮಾತ್ರ, ಡಬ್ಬಿಯಲ್ಲಿದ್ದ ಬಣ್ಣದ ಕಾರ್ಡಿಗೆ ಹೋಲಿಸಿದರೆ, ತೀರಾ ಕೆಳಗಿನ ಹಳದಿ, ಅಂದರೆ ಹುಳಿ. ನಮ್ಮ ಮಣ್ಣಿನ ರಿಪೋರ್ಟೂ ಪ್ರತಿಸಲ ಅದನ್ನೇ ಹೇಳುತ್ತದೆ. ಕಾಫಿ ಬೆಳೆಯುವವರಿಗೆ ಇದಕ್ಕೆ ಮದ್ದು ಯಾರೂ ಹೇಳಿಕೊಡಬೇಕಿಲ್ಲ.

ಒಂದು ಭಾನುವಾರ ಇವರು ಬೇಗ ಸ್ನಾನ ಮುಗಿಸಿ ಬಂದುಬಿಟ್ಟರು. ಕೊಳವೆಗಳು ಕಿಟಕಿಯ ಮೇಲೆಯೇ ಇದ್ದವು.

“ಎಂಥದು ಇದು?”

ಮುಚ್ಚಿಡಲು ಆಗಲಿಲ್ಲ. ಎಲ್ಲ ಹೇಳಿದೆ. ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು. “ಹುಳಿ ಜಾಸ್ತಿ ಆಗಿದೆ. ಸುಣ್ಣ ಕೊಡ್ಬೇಕು” ಎಂದರು. ಧ್ವನಿ ಹಳೆಯ ಧ್ವನಿಯೇ. ನಾನು ಬಾಯಿ ತೆರೆಯುವ ಮೊದಲೇ ಚಪ್ಪಲಿ ಮೆಟ್ಟಿ ಹೊರಟರು.

ಸುಣ್ಣದ ಮೂಟೆ ಇರುವುದು ಗೋಡೌನಿನಲ್ಲಿ. ಗೋಡೌನಿಗೆ ಹೋಗಬೇಕಾದರೆ ಕಣ ದಾಟಿ, ಕಾಫಿ ಗಿಡಗಳ ನಡುವಿನ ದಾರಿಯಲ್ಲಿ ನಡೆಯಬೇಕು. ಅವರು ಕಣದ ಅಂಚಿನಲ್ಲಿ ನಿಂತರು. ಆಮೇಲೆ ದಾಟಿದರು. ನಾನು ಕಿಟಕಿಯ ಸರಳು ಹಿಡಿದುಕೊಂಡೇ ನಿಂತಿದ್ದೆ. ಖುಷಿಯೋ ಹೆದರಿಕೆಯೋ ನನಗೇ ತಿಳಿಯಲಿಲ್ಲ.

ಮೀನಿನ ಅಂಗಡಿಗೆ ಫೋನ್ ಮಾಡಿ, ಕೊಳವೆಗಳ ಬಣ್ಣವನ್ನೆಲ್ಲ ಹೇಳಿ, ಸುಣ್ಣ ಎಷ್ಟು ಹಾಕಬೇಕು ಎಂದು ಕೇಳಿದೆ.

“ಸುಣ್ಣನಾ? ಬೇಡ ಅಕ್ಕ!” ಎಂದು ಅಂಗಡಿಯವರು ಕೂಗಿಯೇಬಿಟ್ಟರು. “ನೀರು ಹುಳಿ ಇರೋದ್ರಿಂದ್ಲೇ ನಿಮ್ಮ ಮೀನು ಉಳ್ಕೊಂಡಿರೋದು. ಹುಳಿ ನೀರಲ್ಲಿ ಆ ಅಮೋನಿಯಾ ಮಲಗಿರತ್ತೆ. ಸುಣ್ಣ ಬಿದ್ರೆ ಎದ್ದು ಕೂರತ್ತೆ. ಎಲ್ಲಾ ಹೋಗ್ತವೆ.”

“ಬಾಕಿ ಎರಡೂ ಸೊನ್ನೆ ಇದೆಯಲ್ಲ?”

“ಸೊನ್ನೆ ಅಂದ್ರೆ ಒಳ್ಳೇದು ಅಂತಲ್ಲ. ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ ಇನ್ನೂ ಕೆಲ್ಸ ಶುರು ಮಾಡಿಲ್ಲ ಅಂತ. ಮೊದ್ಲು ಎಲ್ಲಿಂದ ತುಂಬಿಸಿದ್ರೋ ಅಲ್ಲಿಯ ನೀರನ್ನೇ ತಂದು ದಿನಾ ಸ್ವಲ್ಪ ಸ್ವಲ್ಪ ಬದಲಾಯಿಸಿ. ತಿಂಡಿ ಕಡಿಮೆ ಹಾಕಿ. ಒಮ್ಮೆಲೇ ಏನೂ ಮಾಡ್ಬೇಡಿ.”

ಫೋನ್ ಇಡುವಾಗ ಇವರು ಒಳಗೆ ಬಂದಾಗಿತ್ತು. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಬಿಗಿಹಿಡಿದ ಮುಷ್ಟಿಯ ಸಂದಿಯಿಂದ ಸುಣ್ಣ ಉದುರುತ್ತಿತ್ತು. ನೇರ ತೊಟ್ಟಿಯ ಹತ್ತಿರ ಹೋಗಿ ಕೈ ಮೇಲೆತ್ತಿದರು. ತಿಂಡಿ ಬಂತೆಂದು ಕೆಂಪು ಮೀನು ಬಾಯಿ ತೆರೆದುಕೊಂಡು ಮೇಲೆ ಬಂತು.

ಅತ್ತ ದರಿ ಇತ್ತ ಪುಲಿ. ಬೇಡ ಎಂದರೆ, ಪ್ರಾಣ ಒತ್ತೆಯಿಟ್ಟಂತೆ ಕಣ ದಾಟಿ ಹೋಗಿ ಬಂದದ್ದು ದಂಡ ಎಂದ ಹಾಗೆ. ಸುಮ್ಮನಿದ್ದರೆ ಮೀನುಗಳನ್ನು ಅವರ ಕೈಯಿಂದಲೇ ಕೊಲ್ಲಿಸಿದ ಹಾಗೆ. ಹಾರಿ ಹೋಗಿ ಮಣಿಕಟ್ಟು ಹಿಡಿದೆ. ಸುಣ್ಣ ನೆಲದ ಮೇಲೆಲ್ಲ ಚೆಲ್ಲಿತು.

“ಬೇಡ ರೀ. ಅದು ಬಿದ್ರೆ ಸಾಯ್ತಾವಂತೆ.”

ಅಂಗಡಿಯವರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಬಿಳಿಯಾದ ಅಂಗೈಯನ್ನು ನೋಡುತ್ತಾ ನಿಂತರು. ಆಯಿತು, ಇನ್ನು ಕುರ್ಚಿಯೇ ಗತಿ ಎಂದುಕೊಂಡೆ. ನನ್ನ ಮೇಲೆ ನನಗೇ ಸಿಟ್ಟು ಬಂತು, ಆ ಮೀನಿನ ಮೇಲೂ ಬಂತು.

“ಹಂಗಾದ್ರೆ ಒರತೆ ನೀರು ಬೇಕು” ಎಂದರು.

“ನಾಳೆ ಆಳುಗಳು ಬರ್ತಾರಲ್ಲ, ತರಿಸ್ತೀನಿ.”

“ನಾಳೆವರೆಗೆ ಇರ್ತಾವಾ ಇವು?”

ಇರುತ್ತವೆ ಎಂದರೆ ಅವರು ಕೂತುಬಿಡುತ್ತಿದ್ದರು. ಒರತೆ ಇರುವುದು ಅವರು ಬಿದ್ದ ಆ ಗುಂಡಿಯ ಪಕ್ಕದಲ್ಲೇ. ಕೂರಲಿ, ಯಾಕೆ ಬೇಕು ಎಂದು ನನ್ನ ಜೀವ ಕೂಗುತ್ತಿತ್ತು. ಆದರೂ ನಿಜವನ್ನೇ ಹೇಳಿದೆ. “ಗೊತ್ತಿಲ್ಲ.”

ಅವರು ಮೂಲೆಯಲ್ಲಿದ್ದ ಕ್ಯಾನು ಎತ್ತಿಕೊಂಡರು. “ಫೋನ್ ನೋಡು, ಆನೆ ಎಲ್ಲಿದಾವೆ?”

ನೋಡಿದೆ. ಹಿಂದಿನ ಸಂಜೆ ಗುಡ್ಡದ ಆಚೆ ಇದ್ದವು. ಅವತ್ತು ಬೆಳಗ್ಗೆಯಿಂದ ಯಾರೂ ಏನೂ ಹಾಕಿರಲಿಲ್ಲ. ಇಷ್ಟು ದಿನ ಫೋನು ಖಾಲಿಯಿದ್ದರೆ ನಾನು ನೆಮ್ಮದಿಯಾಗಿರುತ್ತಿದ್ದೆ. ಅವತ್ತು ಆ ಖಾಲಿಯನ್ನೇ ಮೇಲಕ್ಕೂ ಕೆಳಕ್ಕೂ ಸರಿಸಿ ನೋಡಿದೆ.

“ಏನೂ ಬಂದಿಲ್ಲ” ಎಂದೆ. ಇನ್ನೊಂದು ಕ್ಯಾನು ಹಿಡಿದು ಅವರ ಹಿಂದೆಯೇ ಹೊರಟೆ.

ದಾರಿಯುದ್ದಕ್ಕೂ ಸಿಲ್ವರ್ ಓಕಿನ ಎಲೆ ಉದುರಿದರೂ ಇಬ್ಬರೂ ನಿಲ್ಲುತ್ತಿದ್ದೆವು. ಒರತೆಯ ಹತ್ತಿರ ಬಂದಾಗ ಅವರು ನೀರಿನ ಕಡೆಗೆ ಹೋಗಲಿಲ್ಲ. ಆ ಗುಂಡಿಯ ಬಳಿ ನಿಂತರು. ಅದರ ತಳದಲ್ಲಿ ತರಗೆಲೆ ಕೊಳೆಯುತ್ತಿತ್ತು. ಒಂದು ಕಾಲನ್ನು ಮೆಲ್ಲಗೆ ಇಳಿಬಿಟ್ಟರು. ಮೊಣಕಾಲಿಗೂ ಬರಲಿಲ್ಲ.

“ಇಷ್ಟೇ ಆಳ ಇದ್ದಿದ್ದಾ?” ಎಂದು ನನ್ನನ್ನು ಕೇಳಿದರು.

“ಇಷ್ಟೇ.”

ಇಷ್ಟರಲ್ಲಿ ಆನೆ ಅವರನ್ನು ಕಾಣದೆ ಹೋಯಿತೇ, ಅಥವಾ ಕಂಡೂ ಬಿಟ್ಟಿತೇ? ಇಬ್ಬರಿಗೂ ಅದೇ ಯೋಚನೆ ಬಂದಿರಬೇಕು. ಅವರು ನನ್ನ ಕೈ ಹಿಡಿದುಕೊಂಡರು. ಹಾಗೆ ತೋಟದಲ್ಲಿ ಕೈ ಹಿಡಿಯುವವರಲ್ಲ ಅವರು. ನಾವು ಕ್ಯಾನುಗಳನ್ನು ತುಂಬಿಸಿಕೊಂಡು, ನೀರು ತುಳುಕಿಸುತ್ತಾ, ಓಡದೆ ಮನೆಗೆ ಬಂದೆವು.