ಗೋಂದಜ್ಜ ಓದದ ಸಂಕಲನ

ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ಬೈಂಡು ಹಾಕುವ ಮುದುಕನನ್ನು ಎಲ್ಲರೂ ಗೋಂದಜ್ಜ ಎನ್ನುತ್ತಿದ್ದರು. ಅಂಟು ಒಣಗುವವರೆಗೆ ಕೈಕಟ್ಟಿ ಕೂರುವ ಜಾಯಮಾನ ಅವನದಲ್ಲ. ಹೊಸ ಕವನ ಸಂಕಲನ ಯಾವುದು ಬಂದರೂ ಓದುತ್ತಿದ್ದ, ಆಮೇಲೆ ಬಂದವರ ತಲೆ ತಿನ್ನುತ್ತಿದ್ದ.

"ಇದನ್ನ ತಗೊಂಡ್ಹೋಗಿ. ಮೊದಲ ನಾಲ್ಕು ಕವಿತೆ ಸಪ್ಪೆ, ಐದನೇದು ನಿಮ್ಮನ್ನ ಬಿಡಲ್ಲ. ಅದು ಬೇಡ, ಆ ಕವಿಗೆ ತನ್ನ ಮೇಲೇ ಪ್ರೀತಿ ಜಾಸ್ತಿ."

ತಾನು ಓದದ ಪುಸ್ತಕವನ್ನು ಮಾತ್ರ ಜಪ್ಪಯ್ಯ ಅಂದರೂ ಶಿಫಾರಸು ಮಾಡುತ್ತಿರಲಿಲ್ಲ. "ರುಚಿ ನೋಡದೆ ಉಪ್ಪು ಸರಿಯಾಗಿದೆ ಅಂತ ಹೇಗೆ ಹೇಳ್ಲಿ?"

ಆ ಹಟವೇ ಅವನ ಕುತ್ತಿಗೆಗೆ ಬಂತು. ಕಪಾಟಿನ ಕೆಳಸಾಲಿನಲ್ಲಿ ನೀಲಿ ರಟ್ಟಿನ ತೆಳ್ಳನೆಯ ಸಂಕಲನವೊಂದಿತ್ತು. ಅವನ ಮಗಳದು. ಅವಳು ಕಾಯಿಲೆಯಿಂದ ತೀರಿಕೊಂಡ ಮೇಲೆ ಗೆಳತಿಯರು ಅಚ್ಚು ಹಾಕಿಸಿದ್ದು. ಗಟ್ಟಿ ಹೊಲಿಗೆ ಹಾಕಿ ಅದನ್ನು ಅಲ್ಲಿ ಸೇರಿಸಿದವನು ಅವನೇ, ಆದರೆ ಅದು ಮಗಳದೆಂದು ಯಾರಿಗೂ ಹೇಳಿರಲಿಲ್ಲ. ಒಂದು ಸಾಲನ್ನೂ ಓದಿರಲಿಲ್ಲ. ರಟ್ಟು ತೆರೆದರೆ ಅವಳ ದನಿ ಕೇಳೀತೆಂಬ ಭಯ. ಮೂರು ವರ್ಷ ಯಾರೂ ಎರವಲು ಒಯ್ಯದ ಪುಸ್ತಕ ಕಪಾಟಿನಿಂದ ಹೊರಕ್ಕೆ ಎಂಬುದು ಅಲ್ಲಿನ ಕಟ್ಟಳೆ. ಮೂರನೆಯ ವರ್ಷ ಮುಗಿಯಿತು.

ಗ್ರಂಥಪಾಲಕಿ ನೀಲಿ ಪುಸ್ತಕ ಹಿಡಿದು ಬಂದಳು. "ಅಜ್ಜ, ಇದು ಚೆನ್ನಾಗಿದೆ ಅಂದ್ರೆ ಉಳಿಸ್ತೀನಿ. ಕವಿತೆ ವಿಷಯದಲ್ಲಿ ನಿಮ್ಮ ಮಾತೇ ಕೊನೆ."

ಹ್ಞೂಂ ಎಂದಿದ್ದರೆ ಇವನ ಗಂಟೇನು ಹೋಗುತ್ತಿತ್ತು? ನಾಲಿಗೆ ಹೊರಳಲಿಲ್ಲ. "ನಾನು ಓದಿಲ್ಲಮ್ಮ" ಎಂದುಬಿಟ್ಟ. ಅವಳು 'ತೆಗೆದುಹಾಕಲಾಗಿದೆ' ಎಂಬ ಮುದ್ರೆ ಒತ್ತಿ, ಪುಸ್ತಕವನ್ನು ರದ್ದಿಯ ಮೇಲಿಟ್ಟು ಹೋದಳು. ಅವನು ಅದನ್ನೆತ್ತಿ ಊಟದ ಚೀಲಕ್ಕೆ ಹಾಕಿಕೊಂಡು, ದಿನವಿಡೀ ತನ್ನನ್ನೇ ಬೈದುಕೊಂಡ.

ಮರುದಿನ ಮಧ್ಯಾಹ್ನ ಪಕ್ಕದ ಆಸ್ಪತ್ರೆಯ ನರ್ಸ್ ಬೈಂಡಿಂಗ್ ಕೋಣೆಗೆ ಇಣುಕಿದಳು.

"ಅಜ್ಜ, ಕೆಳಗಿನ ಸಾಲಲ್ಲಿ ಒಂದು ನೀಲಿ ಪುಸ್ತಕ ಇತ್ತಲ್ಲ, ಎಲ್ಲಿ? ಊಟದ ಬಿಡುವಲ್ಲಿ ದಿನಾ ಒಂದು ಕವಿತೆ ಅಲ್ಲೇ ನಿಂತು ಓದ್ತಿದ್ದೆ. ಮನೆಗೆ ಒಯ್ದರೆ ಒಂದೇ ಸಲಕ್ಕೆ ಮುಗಿದುಹೋಗುತ್ತೆ ಅಂತ ಒಯ್ಯಲಿಲ್ಲ. ಇನ್ನೂ ಎಂಟು ಬಾಕಿ ಇದೆ."

ಗೋಂದಜ್ಜ ಚೀಲದಿಂದ ಪುಸ್ತಕ ತೆಗೆದು ಚಾಚಿದ, ಆದರೆ ಹಿಡಿತ ಬಿಡಲಾಗಲಿಲ್ಲ.

"ನನ್ನ ಮಗಳು ಬರೆದಿದ್ದು. ಅವಳು ಈಗಿಲ್ಲ. ನನಗೆ ಇದನ್ನ ಓದೋಕೇ ಆಗಿಲ್ಲಮ್ಮ. ಹೇಗಿದೆ?"

ನರ್ಸ್ ಅವನ ಕೈಬೆರಳುಗಳನ್ನು ನೋಡಿದಳು. ಉಗುರಿನ ಸಂದಿಯಲ್ಲೆಲ್ಲ ಒಣಗಿದ ಅಂಟು. ಸ್ಟೂಲು ಎಳೆದು ಕೂತು, ಮೆಲ್ಲಗೆ ಪುಸ್ತಕ ಬಿಡಿಸಿಕೊಂಡು ಒಂದು ಪುಟ ತೆರೆದಳು.

"ಇಲ್ಲಿಂದ ಶುರು ಮಾಡಿ ಅಜ್ಜ. ಅಪ್ಪನ ಕೈಗಳ ಮೇಲೆ ಬರೆದಿದ್ದಾರೆ."

"ನೀನೇ ಓದಮ್ಮ" ಎಂದು ಗೋಂದಜ್ಜ ಗೋಡೆಯ ಕಡೆ ಮುಖ ಮಾಡಿ ಕೂತ.