ಪಂಚಮಿಯ ನೀರು

ಸಂಜೆ ನಾಲ್ಕರ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ, ಚಾಚಿದ ಹೆಬ್ಬೆರಳಿನಿಂದ ಮಸುಕು ಚಂದ್ರನನ್ನು ಅಳೆಯುತ್ತಿದ್ದರು ನಮ್ಮ ಪಕ್ಕದ ಮನೆಯ ಅಕ್ಕ. ಹೆಗಲ ಮೇಲಿನ ಒದ್ದೆ ಸೀರೆ ತೊಟ್ಟಿಕ್ಕುತ್ತಿದ್ದರೂ ಪರಿವೆಯಿಲ್ಲ. ಆಮೇಲೆ ಗೋಡೆಯಾಚೆಯಿಂದ ನನಗೆ ನ್ಯೂಸ್: “ಟೀಚರಮ್ಮ, ನಮ್ಮೂರ ದಕ್ಕೆಯಾಗೆ ಈಗ ನೀರು ಇಳೀತಾ ಐತೆ.”

ದಕ್ಕೆ ಎಂದರೆ ಕರಾವಳಿಯ ಅವರ ತವರಿನಲ್ಲಿ ದೋಣಿಗಳು ಬಂದು ನಿಲ್ಲುವ ಕಟ್ಟೆ. ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಅಲ್ಲಿ ಕೂತು ಗಾಳ ಹಾಕಿದವರು. ಎಣ್ಣೆ ಮಿಲ್ಲಿನ ಮೆಕ್ಯಾನಿಕ್ಕನನ್ನು ಮದುವೆಯಾಗಿ ಚಳ್ಳಕೆರೆಗೆ ಬಂದರು. ಗಂಡ ತೀರಿಕೊಂಡರು, ಮಾತೂ ಪೂರ್ತಿ ಈ ಕಡೆಯದಾಯಿತು. ಬಟ್ ಆ ನೀರಿನ ಲೆಕ್ಕ ತಲೆಯಿಂದ ಇಳಿಯಲಿಲ್ಲ. ನನ್ನವರು ಹೋದ ಮೇಲೆ ದಿನಕ್ಕೆ ನಾನಾಡುತ್ತಿದ್ದ ಮಾತೆಲ್ಲ ಆ ಗೋಡೆಯ ಮೇಲೆಯೇ.

ಮಂಡಿ ಪೂರ್ತಿ ಕೈಕೊಡುವ ಮೊದಲು ಒಮ್ಮೆ ಗಾಳ ಹಾಕಿ ಬರಬೇಕೆಂಬುದೊಂದೇ ಅವರ ಆಸೆ. ದಾವಣಗೆರೆಯ ಅಳಿಯ ಒಂದು ಭಾನುವಾರ ಕಾರು ತರುತ್ತೇನೆಂದ.

“ಭಾನುವಾರ ಬ್ಯಾಡಪ್ಪ, ಅವತ್ತು ಅಷ್ಟಮಿ. ನೀರಿಗೆ ಓಟ ಇರಲ್ಲ.”

“ಅತ್ತೆ, ಮೀನಿಗೂ ಪಂಚಾಂಗ ಗೊತ್ತೈತಾ?”

“ನಿನಗಿಂತ ಚೆನ್ನಾಗಿ ಗೊತ್ತೈತೆ.”

ಅವನು ಮತ್ತೆ ಕರೆಯಲಿಲ್ಲ. ಅಕ್ಕ ನನಗೆ ವಿವರಿಸಿದರು: ಅಮಾವಾಸ್ಯೆ ಹುಣ್ಣಿಮೆಗೆ ಸೆಳೆತ ಜಾಸ್ತಿ, ದಾರ ದಕ್ಕೆಯ ಕಂಬಕ್ಕೆ ಸುತ್ತಿಕೊಳ್ಳುತ್ತದೆ. ಅಷ್ಟಮಿಗೆ ನೀರು ಮಂಕು. ಚೌತಿ ಪಂಚಮಿಗೆ ಹದ. ಏರುವ ನೀರು ಕಂಬ ತಬ್ಬುವಾಗ ಮೀನು ಕಂಬದ ಬುಡಕ್ಕೇ ಮೇಯಲು ಬರುತ್ತದೆ.

“ಪಂಚಮಿ ಶುಕ್ರವಾರ. ನಾನು ಬರ್ತೀನಿ, ಬಸ್ಸಿಗೆ ಹೋಗೋಣ” ಎಂದೆ. ನಾನು ಮೀನು ತಿನ್ನುವವಳೂ ಅಲ್ಲ! ಹಾಲಿನವಳು ನಕ್ಕಳು: “ಇಬ್ರೂ ಅಜ್ಜೀರು ಸೇರಿ ಸಮುದ್ರ ಬರಿದು ಮಾಡಿ ಬರ್ರಿ.”

ಹಿಂದಿನ ರಾತ್ರಿ ಬಸ್ಸು ಹತ್ತಿ, ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿಗೆ ದಕ್ಕೆಯ ಮೇಲಿದ್ದೆವು. ನೀರು ಅವರು ಹೇಳಿದಂತೆಯೇ ಏರುತ್ತಿತ್ತು. ಗಾಳಕ್ಕೆ ಸಿಗಡಿ ಸಿಕ್ಕಿಸಿ, ದಾರವನ್ನು ತೋರುಬೆರಳ ಮೇಲೆ ಹಾಯಿಸಿ ಕೂತರು. ಸ್ವಲ್ಪ ಹೊತ್ತಿಗೆ ದಾರ ಅದುರಿತು. ಅಕ್ಕ ಸುಮ್ಮನೆ ದೂರ ನೋಡುತ್ತಿದ್ದರು.

“ಅಕ್ಕ, ದಾರ ಅಲುಗ್ತಿದೆ!”

ಅವರು ಬೆರಳನ್ನೇ ನೋಡಿಕೊಂಡರು. “ಶುಗರ್ರು ಬೆರಳು ತಿಂದೈತೆ, ಟೀಚರಮ್ಮ. ನನಗೇನೂ ಗೊತ್ತಾಗ್ತಿಲ್ಲ.”

ವಾಪಸ್ ಹೊರಡುವುದೇ ಎಂದುಕೊಂಡು ನಾನು ಚೀಲ ಹತ್ತಿರಕ್ಕೆ ಎಳೆದುಕೊಂಡೆ. ಕೆಳಗೆ ನೀರು ಮಾತ್ರ ತನ್ನ ಪಾಡಿಗೆ ಏರುತ್ತಲೇ ಇತ್ತು. ಆ ಹದದ ನೀರನ್ನು ಹಾಳುಮಾಡಲು ಅವರಿಗೆ ಮನಸ್ಸಾಗಲಿಲ್ಲವೇನೋ, ದಾರವನ್ನು ನನ್ನ ಬೆರಳ ಮೇಲಿಟ್ಟು ಕಣ್ಣು ಮುಚ್ಚಿದರು.

“ಏನಾಗ್ತೈತೆ, ಹೇಳ್ರಿ.”

“ಟಕ್ ಟಕ್ ಅಂತ ಕುಟ್ಟಿದ ಹಾಗೆ.”

“ಮರಿ. ತಿಂದ್ಕೊಂಡು ಹೋಗ್ಲಿ. ಈಗ?”

“ಏನೂ ಇಲ್ಲ... ತಾಳಿ. ಯಾರೋ ಹಿಂದಿನಿಂದ ಸೆರಗು ಹಿಡಿದು ಎಳೆದ ಹಾಗೆ.”

“ಕೆಂಬೇರಿ! ಎಳೀರಿ, ಎಳೀರಿ ಅಂದ್ರೆ!”

ಕೆಂಪಗೆ ಹೊಳೆಯುತ್ತ ಮೀನು ಮೇಲೆ ಬಂತು. ಅಕ್ಕ ಕಣ್ಣು ಬಿಡುವ ಮೊದಲೇ ನಗುತ್ತಿದ್ದರು.

ಆ ಚಳಿಗಾಲದಲ್ಲಿ ಅವರು ತೀರಿಹೋದರು. ಮನೆಗೆ ಈಗ ಬೇರೆ ಬಾಡಿಗೆಯವರು ಬಂದಿದ್ದಾರೆ, ಡೀಸೆಂಟ್ ಜನ. ಎದುರು ಸಿಕ್ಕರೆ “ಆರಾಮಾ ಆಂಟಿ?” ಎನ್ನುತ್ತಾರೆ; ಆರಾಮ್ ಎನ್ನುತ್ತೇನೆ. ಅಂದು ಅಕ್ಕ ಕಣ್ಣು ಮುಚ್ಚಿ, ಉಸಿರು ಹಿಡಿದು, ನನಗೇನಾಗುತ್ತಿದೆ ಎಂದು ಕೇಳಿದರಲ್ಲ, ಹಾಗೆ ನನ್ನನ್ನು ಮೊದಲೂ ಯಾರೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.